ಕಡ ತಂದ ಕಸ

ಆ ರವಿವಾರ ಬೆಳಿಗ್ಗೆ ಗೌರೀಶನ ಮನೆಯಲ್ಲಿ ಕಸವೇ ಇರಲಿಲ್ಲ. ಎರಡು ದಿನ ತಾಯಿ, ಮಗ ಇಬ್ಬರೂ ನೆಂಟರ ಮದುವೆಯಲ್ಲಿ ಉಂಡಿದ್ದರು. ಬುಟ್ಟಿಯ ತಳದಲ್ಲಿ ಒಂದು ಕರಿಬೇವಿನ ಎಲೆಯೂ ಇಲ್ಲ. ಬೇರೆಯವರಿಗಾದರೆ ಇದು ನೆಮ್ಮದಿಯ ಸಂಗತಿ. ಗೌರೀಶ ಮಾತ್ರ ಬುಟ್ಟಿಯನ್ನು ಎರಡು ಸಲ ಬೋರಲು ಹಾಕಿ ನೋಡಿದ. ಕಸದ ಗಾಡಿಯ ಹಾಡು ಆಗಲೇ ಹಿಂದಿನ ಓಣಿಯಲ್ಲಿ ಕೇಳುತ್ತಿತ್ತು.

ಆ ಗಾಡಿ ಓಡಿಸುವವಳು ಪೂರ್ಣಿಮಾ. ಮಹಾಂತೇಶ ನಗರದ ಆ ಇಕ್ಕಟ್ಟಿನ ಓಣಿಯಲ್ಲಿ ಸ್ಕೂಟರ್ ತಿರುಗಿಸಲು ಗೌರೀಶ ಮೂರು ಸಲ ಕಾಲೂರಬೇಕು. ಅವಳು ಇಡೀ ಗಾಡಿಯನ್ನು ಸೂಜಿಗೆ ದಾರ ಪೋಣಿಸಿದಂತೆ ಒಂದೇ ಏಟಿಗೆ ಹಿಂದಕ್ಕೆ ತೆಗೆಯುತ್ತಿದ್ದಳು. ಪತ್ತಿನ ಸಂಘದ ಗುಮಾಸ್ತ ಗೌರೀಶ ಮನಸೋತದ್ದು ಅಲ್ಲಿಯೇ. ಆರು ತಿಂಗಳಲ್ಲಿ ಇಬ್ಬರ ನಡುವೆ ಹೆಚ್ಚೆಂದರೆ ನಲವತ್ತು ಮಾತು ಆಗಿರಬಹುದು. ಉಳಿದದ್ದನ್ನೆಲ್ಲ ಅವನು ಬುಟ್ಟಿ ಕೊಡುವಾಗ, ಅವಳು ತಿರುಗಿ ಕೊಡುವಾಗ ತಿಳಿದುಕೊಂಡಿದ್ದರು. ಕಳೆದ ವಾರ ಅವಳು "ನಮ್ಮಪ್ಪಗ ಹೇಳೀನ್ರಿ" ಎಂದಿದ್ದಳು. ಇವನು ಮಾತ್ರ ತಾಯಿಗೆ ಇನ್ನೂ ಹೇಳಿರಲಿಲ್ಲ.

ಖಾಲಿ ಕೈಯಲ್ಲಿ ಗಾಡಿಯ ಮುಂದೆ ನಿಲ್ಲುವುದು ಹೇಗೆ? ಬಾಜೂ ಮನೆಗೆ ಓಡಿದ.

"ಚಾಚಿ, ಕಸಾ ಇದ್ರ ಕೊಡ್ರಿ, ನಾ ಹಾಕಿ ಬರ್ತೀನಿ."

"ಅರೇ, ಎಂಥಾ ಛಲೋ ಹುಡುಗ!" ಜೋಹರಾ ಚಾಚಿ ಗಂಟು ಕಟ್ಟಿದ ಚೀಲ ಕೊಟ್ಟಳು.

ಅದು ಸಾಲದೆನಿಸಿ ಎದುರು ಮನೆಯ ಗುರುಪುತ್ರಪ್ಪ ಮಾಸ್ತರರ ಬಾಗಿಲು ಬಡಿದ. ನಿವೃತ್ತರಾದ ಮೇಲೂ ಸಾಲೆ ಸಾಲೆಗೆ ಹೋಗಿ ಕುಡಿತದ ವಿರುದ್ಧ ಭಾಷಣ ಮಾಡುವವರು. ಅನುಮಾನಿಸುತ್ತಲೇ ಒಂದು ಚೀಲ ತಂದರು. "ಬಿಚ್ಚಬ್ಯಾಡಪಾ. ಹಳೇ ಪೇಪರ್ ಅದಾವ."

ಹಳೇ ಪೇಪರುಗಳು ಕಿಣಿಕಿಣಿ ಎಂದವು.

ಹಸಿ ಕಸ, ಒಣ ಕಸ ಬೇರೆ ಮಾಡದ ಚೀಲವನ್ನು ಬಿಚ್ಚಿ ನೋಡುವುದು ಪೂರ್ಣಿಮಾಳ ನೇಮ. ಮೊದಲ ಚೀಲದಲ್ಲಿ ಕೂಸಿನ ಡೈಪರ್. ಎರಡನೆಯದರಲ್ಲಿ ನಾಲ್ಕು ಖಾಲಿ ಬಾಟ್ಲಿ.

"ಇದು ನಿಮ್ಮ ಮನೀದೇನ್ರಿ?"

ಕಡ ತಂದದ್ದು ಎಂದರೆ ನಗುತ್ತಾಳೆಂದು ಹೆದರಿ ಗೌರೀಶ, "ಹೂಂ, ನಮ್ಮದ" ಎಂದುಬಿಟ್ಟ. ಅವಳು ಎರಡೂ ಚೀಲ ಗಾಡಿಗೆ ಎಸೆದಳು. ಗಾಡಿ ಹೊರಟೇ ಹೋಯಿತು.

ತಮ್ಮ ಚೀಲದ ಗತಿ ಏನಾಯಿತೋ ಎಂದು ಇಣುಕುತ್ತಿದ್ದ ಮಾಸ್ತರರು ನೆಟ್ಟಗೆ ಗೌರೀಶನ ತಾಯಿ ಚಂದ್ರವ್ವನ ಬಳಿಗೆ ಬಂದರು. "ನಿಮ್ಮ ಮಗಾ ಕಸದ ಗಾಡಿ ಹುಡುಗಿನ್ನ ನೋಡ್ಕೋತ ಗೇಟ್ ಹಿಡ್ಕೊಂಡ ನಿಂತಾನ್ರಿ. ಗಾಡಿ ಹೋಗಿ ಅರ್ಧಾ ತಾಸಾತು."

ಚಂದ್ರವ್ವ ಕೇಳಿದಳು, ಗೌರೀಶ ಕಡ ತಂದ ಕಸದ ಸಂಗತಿಯೊಂದನ್ನು ಬಿಟ್ಟು ಎಲ್ಲ ಹೇಳಿದ.

"ಡಿಗ್ರಿ ಓದಿಸಿದ್ದು ಕಸದ ಗಾಡಿ ಬೆನ್ನ ಹತ್ತಾಕೇನೋ? ಯಾವೂರಾಕಿ?"

"ಖಾನಾಪುರ ಕಡೆ, ಬೀಡಿ ಅಂತ ಹಳ್ಳಿ. ರವಿವಾರ ಮಧ್ಯಾಹ್ನ ಊರಿಗೆ ಹೋಗ್ತಾಳ."

"ನಡಿ. ಈ ಸಂಬಂಧ ಆಗೂದಿಲ್ಲಂತ ಇವತ್ತ ಅವರಪ್ಪಗ ಹೇಳಿ ಬರೂಣು."

ಮಾಸ್ತರರು ತಮ್ಮ ಕಾರು ಕೊಟ್ಟು ತಾವೂ ಹತ್ತಿದರು. ಬೈಯುವಾಗ ಚಂದ್ರವ್ವನ ಬಿ.ಪಿ. ಏರಿದರೆ ನೋಡಿಕೊಳ್ಳಲು ಚಾಚಿಯೂ ಹತ್ತಿದಳು. ತನ್ನ ಪ್ರೀತಿಯನ್ನು ತಾನೇ ಮಣ್ಣಿಗೆ ಒಯ್ಯುವವನಂತೆ ಗೌರೀಶ ಕಾರು ಓಡಿಸಿದ.

ಖಾನಾಪುರದಲ್ಲಿ ಚಂದ್ರವ್ವ ಕಾರು ನಿಲ್ಲಿಸಿದಳು. "ಬೈಯಾಕ ಹೋದ್ರೂ ಮಂದಿ ಮನಿಗೆ ಬರಿಗೈಲೆ ಹೋಗಬಾರದು." ಒಂದು ಡಜನ್ ಬಾಳೆಹಣ್ಣು, ಕಾಯಿ ಕೊಂಡಳು. ಚಾಚಿ ಮಲ್ಲಿಗೆ ಕೊಂಡಳು.

ಹಣ್ಣು, ಕಾಯಿ, ಹೂವು, ಮೂವರು ಹಿರಿಯರು, ತಲೆ ಬಾಚಿಕೊಂಡ ಒಬ್ಬ ಹುಡುಗ. ಪೂರ್ಣಿಮಾಳ ತಂದೆ ತಮ್ಮಣ್ಣ ಮತ್ತೇನು ತಿಳಿಯಬೇಕು? ಕನ್ಯಾ ನೋಡಲು ಬಂದವರೆಂದೇ ಜಮಖಾನೆ ಹಾಸಿದ. "ಬರ್ರಿ, ಕುಂದರ್ರಿ" ಎಂದು ಅವಲಕ್ಕಿ ಕೊಟ್ಟ. ಬಾಯಿ ತುಂಬ ಅವಲಕ್ಕಿ ಇರುವಾಗ ಬೈಯುವುದು ಕಷ್ಟ. ಚಂದ್ರವ್ವ ಬೇಗಬೇಗ ಅಗಿಯತೊಡಗಿದಳು. ಅಷ್ಟರಲ್ಲಿ ತಮ್ಮಣ್ಣನೇ ಕೆಮ್ಮಿದ.

"ನೀವು ಬಂದದ್ದು ಸಂತೋಷ ಆತ್ರಿ. ಆದ್ರ ತಪ್ಪ ತಿಳೀಬ್ಯಾಡ್ರಿ, ಈ ಹುಡುಗಗ ನಾವು ಕನ್ಯಾ ಕೊಡೂದಿಲ್ಲ."

ಚಂದ್ರವ್ವ ಅಗಿಯುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ಬೇಡವೆನ್ನಲು ಬಂದವಳಿಗೆ ಬೇಡವೆನ್ನಿಸಿಕೊಳ್ಳುವ ಅಭ್ಯಾಸ ಇರಲಿಲ್ಲ.

"ಯಾಕ್ರಿ? ನನ್ನ ಮಗಗ ಏನ ಕಡಿಮಿ ಆಗೇತಿ?"

ಚಹಾ ಹಿಡಿದು ಬಂದ ಪೂರ್ಣಿಮಾ ಹೇಳಿದಳು: "ಕಡಿಮಿ ಅಲ್ರಿ, ಹೆಚ್ಚ ಆಗೇತಿ. ನಾಕ ಬಾಟ್ಲಿ, ಮ್ಯಾಲ ಒಂದ ಕೂಸು. ಕೂಸಿನ ತಾಯಿ ಎಲ್ಲಿ ಅದಾಳ ಅಷ್ಟ ಹೇಳ್ರಿ."

ಎಲ್ಲರೂ ಗೌರೀಶನ ಕಡೆ ತಿರುಗಿದರು. ಅವನು ಜಮಖಾನೆಯ ಅಂಚು ನೋಡುತ್ತ, "ನಮ್ಮನ್ಯಾಗ ಕಸಾ ಇರಲಿಲ್ಲ. ಕಡಾ ತಂದಿದ್ದೆ" ಎಂದ.

ಚಾಚಿ ಬಿದ್ದು ಬಿದ್ದು ನಕ್ಕಳು. "ಅರೇ, ಕೂಸು ನಮ್ಮದವ್ವಾ! ನಮ್ಮ ಫೈಜಾನನ ಮಗಳು!"

ಉಳಿದದ್ದು ಬಾಟ್ಲಿ. ಮಾಸ್ತರರು ತಲೆಯೆತ್ತಿ ಮಾಳಿಗೆಯ ತೊಲೆ ಎಣಿಸುತ್ತಿದ್ದರು.

"ಅದು... ಮೊಣಕಾಲಿಗೆ ತಿಕ್ಕಾಕ..."

"ನಾಕ ಬಾಟ್ಲಿ? ನಿಮಗ ಎಷ್ಟ ಮೊಣಕಾಲ ಅದಾವ್ರಿ ಮಾಸ್ತರ?" ಎಂದಳು ಚಂದ್ರವ್ವ.

ನಗು ಇಳಿದ ಮೇಲೆ ಪೂರ್ಣಿಮಾ ಮೆಲ್ಲಗೆ ಕೇಳಿದಳು, "ನನ್ನ ನೋಡಾಕ ಮಂದಿ ಕಸಾ ಬೇಡಿದ್ರೇನ್ರಿ?"

ಗೌರೀಶನ ಕಿವಿ ಕೆಂಪಾದವು. ಚಂದ್ರವ್ವ ಮಗನ ಕಿವಿಯನ್ನೇ ನೋಡುತ್ತ ನಿಟ್ಟುಸಿರಿಟ್ಟಳು. "ಆರ ತಿಂಗಳಾತು, ನಾ ಹೇಳದೇನ ಕಸಾ ಹಾಕಿ ಬರ್ತಿದ್ದ. ಅವ್ವನ ಮ್ಯಾಲಿನ ಪ್ರೀತಿ ಅಂತ ತಿಳಿದಿದ್ದೆ." ಆಮೇಲೆ ಹುಡುಗಿಯ ಕಡೆ ತಿರುಗಿ, "ಲಗ್ನಾದ ಮ್ಯಾಲ ಗಾಡಿ ಓಡಿಸೂದು ಬಿಡ್ತೀಯೇನವಾ?"

"ಇಲ್ರಿ."

"ಬಿಡಬ್ಯಾಡ. ಇವಗ ಓಣ್ಯಾಗ ಸ್ಕೂಟರ್ ಸುದ್ದಾ ನೆಟ್ಟಗ ತಿರುಗಿಸಾಕ ಬರೂದಿಲ್ಲ. ಮನ್ಯಾಗ ಒಬ್ಬರಿಗರೆ ಬರಲಿ."

ಚಾಚಿ ಆಗಲೇ ಪೂರ್ಣಿಮಾಳಿಗೆ ಮಲ್ಲಿಗೆ ಮುಡಿಸಿಯಾಗಿತ್ತು.

ಮರುದಿನ ಗೌರೀಶ ಐದಕ್ಕೇ ಎದ್ದು ಹೊಸ ಅಂಗಿ ತೊಟ್ಟ. ಹಾಡು ಕೇಳಿದ್ದೇ ತುಂಬಿದ ಬುಟ್ಟಿ ಹಿಡಿದು ಹೊರಟ. ಬಾಗಿಲಲ್ಲಿ ತಾಯಿ ಕೈ ಚಾಚಿ ನಿಂತಿದ್ದಳು.

"ಕೊಡಿಲ್ಲೆ. ಕನ್ಯಾ ಗಟ್ಟಿ ಆಗೇತಿ. ಲಗ್ನದ ಅಕ್ಕಿಕಾಳ ಬೀಳೂತನಕ ಒಬ್ಬರ ಮಾರಿ ಒಬ್ಬರು ನೋಡಬಾರದು, ನಮ್ಮ ಮನಿತನದ ಪದ್ಧತಿ."

"ಅಕ್ಕಿಕಾಳ ಯಾವಾಗ?"

"ಮಾಸ್ತರ ಪಂಚಾಂಗ ನೋಡ್ಯಾರ. ಇನ್ನ ಐದ ತಿಂಗಳ ಮುಹೂರ್ತನ ಇಲ್ಲಂತ."

ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು. ಗಾಡಿಯ ಸುತ್ತ ಚಂದ್ರವ್ವ, ಚಾಚಿ, ಮಾಸ್ತರರು ಕೂಡ ನೆರೆದು ಕಾಲು ತಾಸು ನಕ್ಕರು. ಗೌರೀಶ ಕಿಟಕಿಗೆ ಕಿವಿ ಹಚ್ಚಿದ.

"ಅತ್ತಿಯವರ, ಇವತ್ತ ಅವರು ಕಾಣವಲ್ರಲ್ಲಾ?"

"ಮಲಗ್ಯಾನವಾ," ಎಂದಳು ಚಂದ್ರವ್ವ. "ಅವಗ ಕಸದ ಕೆಲಸಾ ಅಂದ್ರ ಮೊದಲಿಂದ ಬ್ಯಾಸರ."