ಭಾವ ಕೇಳಿದ ಉಸಿರಿನ ಪೆಟ್ಟಿಗೆ

ಅಪೆನಿಸಾ ಆ ಯಂತ್ರವನ್ನು ಮೊದಲು ಕಂಡದ್ದು ದ್ವೀಪದ ಆರೋಗ್ಯ ಕೇಂದ್ರದಲ್ಲಿ. ಬಿಸ್ಕತ್ತಿನ ಡಬ್ಬಿಯಷ್ಟು ದೊಡ್ಡ ಬೂದು ಪೆಟ್ಟಿಗೆ, ಅದಕ್ಕೊಂದು ಸುಕ್ಕುಸುಕ್ಕಾದ ಕೊಳವೆ, ಕೊಳವೆಯ ತುದಿಗೆ ಮೂಗಿಗೆ ಕಟ್ಟುವ ಮುಖವಾಡ. ನರ್ಸ್ ಮಕೆರೇತಾ ಅದನ್ನು ಎಳೆಗೂಸಿನಂತೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು.

“ನಿದ್ದೇಲಿ ನಿನ್ನ ಗಂಟಲು ಮುಚ್ಕೊಳ್ಳತ್ತೆ. ಉಸಿರು ನಿಂತುನಿಂತು ಬರತ್ತೆ, ಹೃದಯ ಒದ್ದಾಡತ್ತೆ. ಅದಕ್ಕೇ ಹಗಲೆಲ್ಲ ತೂಕಡಿಸ್ತೀಯ. ದಿನಾ ರಾತ್ರಿ ಇದನ್ನ ಕಟ್ಕೊಂಡು ಮಲಗು, ಗಾಳಿ ಊದಿ ಗಂಟಲು ತೆರೆದಿಡತ್ತೆ. ಶಾಲೆ ಮಕ್ಕಳ ದೋಣಿ ಓಡಿಸೋನು ನೀನು, ನೆನಪಿರಲಿ!”

“ಅಲೆಗಳನ್ನೇ ಪಳಗಿಸಿದೋನು ನಾನು! ಈ ಡಬ್ಬಿ ಯಾವ ಮಹಾ? ಒಂದಿನಾನೂ ಬಿಡಲ್ಲ ನೋಡ್ತಿರು!”

ಬಿಡಲೂ ಇಲ್ಲ. ಬೆಳಗಿನ ತಲೆನೋವು ಹೋಯಿತು. ಗೊರಕೆಯೆಂಬ ಮಹಾಗರ್ಜನೆ ಅಡಗಿತು. ದಿಕ್ಕಾಪಾಲಾಗಿದ್ದ ಹಂದಿಗಳು ಕೂಡ ಮನೆಯ ಬಳಿಗೆ ಮರಳಿದವು! ಮದುವೆಯಾದ ಮೇಲೆ ಇದೇ ಮೊದಲು ಕನಸು ಬಿತ್ತೆಂದು ಹೆಂಡತಿ ವಿಲಿಮೈನಾ ಊರಿಗೆಲ್ಲ ಸಾರಿದಳು.

ಸುದ್ದಿ ಸೋದರಮಾವನ ಮಗ ಇಲೈತಿಯಾನಿಗೂ ಮುಟ್ಟಿತು. ಬಂದವನೇ, “ಭಾವ, ಕೆರೆಕೆರೆ!” ಎಂದ. ಫಿಜಿಯಲ್ಲಿ ನೆಂಟನ ಬಾಯಲ್ಲಿ ಆ ಬೇಡಿಕೆಯ ಮಾತು ಬಂತೆಂದರೆ ಮುಗಿಯಿತು, ಇಲ್ಲ ಎನ್ನುವಂತಿಲ್ಲ. “ಆ ಪೆಟ್ಟಿಗೆ ಕೊಡು. ನನ್ನ ಗೊರಕೆ ತಾಳಲಾರದೆ ಹೆಂಡ್ತಿ ನನ್ನನ್ನ ಅಡುಗೆಮನೆಗೆ ಅಟ್ಟಿದಾಳೆ.”

ಅಪೆನಿಸಾ ಮುಖವಾಡ ಒರೆಸಿ, ಕೊಳವೆ ಸುತ್ತಿ, ನಗುನಗುತ್ತ ಕೊಟ್ಟ!

“ಮೀನು ಕೇಳ್ದ ಕೊಟ್ಟೆ, ಬಲೆ ಕೇಳ್ದ ಕೊಟ್ಟೆ. ಈಗ ಉಸಿರನ್ನೂ ಕೊಟ್ಬಿಟ್ಟೆಯಾ?” ವಿಲಿಮೈನಾ ಹಾರಾಡಿದಳು.

“ಭಾವ ಕೇಳಿದ್ಮೇಲೆ ಇಲ್ಲ ಅನ್ನೋದು ಹೆಂಗೆ? ನಂಗೆ ವಾಸಿಯಾಗಿದೆ ಕಣೇ!”

ಕೆಲವೇ ದಿನ. ಕಡಲು ಸುಮ್ಮನಿದ್ದ ಒಂದು ಬೆಳಿಗ್ಗೆ ಚುಕ್ಕಾಣಿ ಹಿಡಿದ ಮಹಾಶೂರನ ಗದ್ದ ಎದೆಗೆ ತಾಗಿತು. ದೋಣಿ ತನ್ನಿಷ್ಟಕ್ಕೆ ಹೋಗಿ ಮರಳುದಿಬ್ಬ ಏರಿತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಕಿಲಕಿಲ ನಕ್ಕರು. “ಮಾವ, ಇನ್ನೊಂದ್ಸಲ!”

ಅಪೆನಿಸಾ ಕಣ್ಣು ಬಿಟ್ಟ. ದಿಬ್ಬದ ಮಗ್ಗುಲಲ್ಲೇ ಹವಳದ ಬಂಡೆ, ಅದರಾಚೆ ಆಳದ ಕಪ್ಪು ನೀರು. ಅವನಿಗೆ ನಗು ಬರಲಿಲ್ಲ. ಮಕ್ಕಳ ತಲೆ ಎಣಿಸಿದ. ನಂಬಿಕೆಯಾಗದೆ ಮತ್ತೆ ಎಣಿಸಿದ.

ಸಂಜೆ ತಾನೇ ಆ ಮಕ್ಕಳ ಮನೆಮನೆಗೆ ಹೋಗಿ, ನಿದ್ದೆ ಬಂದಿತ್ತೆಂದು ತಲೆತಗ್ಗಿಸಿ ಹೇಳಿದ. ವಿಲಿಮೈನಾ ನೆಟ್ಟಗೆ ಇಲೈತಿಯಾನ ಬಾಗಿಲಿಗೆ ಹೋಗಿ, “ಅಣ್ಣಾ, ಕೆರೆಕೆರೆ!” ಎಂದಳು. ಅವನೂ ಇಲ್ಲ ಎನ್ನುವಂತಿರಲಿಲ್ಲ. ಪೆಟ್ಟಿಗೆ ವಾಪಸು ಪಡೆದು, ಗಂಡನ ಜೊತೆ ಅವನನ್ನೂ ಪರೀಕ್ಷೆಗೆ ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಬಂದಳು.

“ಚುಕ್ಕಾಣಿ ಮತ್ತೆ ಯಾವಾಗ ಹಿಡೀಲಿ?” ಅಪೆನಿಸಾ ಮೆಲ್ಲಗೆ ಕೇಳಿದ.

“ನಾನು ಹೇಳೋವರೆಗೆ ಮುಟ್ಟಬೇಡ,” ಎಂದಳು ಮಕೆರೇತಾ.

ಈಗ ದೋಣಿಯನ್ನು ವಿಲಿಮೈನಾ ಓಡಿಸುತ್ತಾಳೆ. ಅಪೆನಿಸಾ ದಡದಲ್ಲಿ ನಿಂತು ಮಕ್ಕಳ ಚೀಲಗಳನ್ನು ಎತ್ತಿ ಕೊಡುತ್ತಾನೆ.