ಮಿಲಿಟರಿ ಲಾರಿಗೆ ಫ್ರಿಜ್ಜಿನ ಸ್ವಿಚ್ಚು

ಮನುಷ್ಯ ತನ್ನ ಮುಖ ನೋಡಿಕೊಳ್ಳಲು ಕನ್ನಡಿ ಮಾಡಿಕೊಂಡ. ಬೆನ್ನು ನೋಡಿಕೊಳ್ಳಲು ಏನನ್ನೂ ಮಾಡಿಕೊಳ್ಳಲಿಲ್ಲ. ಅದು ಹಿಂದೆ ಬರುವವರ ಕೆಲಸವೆಂದು ಬಿಟ್ಟುಬಿಟ್ಟ. ವಾಹನಗಳ ವಿಷಯದಲ್ಲೂ ಹೀಗೆಯೇ. ಮುಂದಿನ ದೀಪ ಕೆಟ್ಟರೆ ಒಡೆಯ ಅಂದೇ ರಿಪೇರಿ ಮಾಡಿಸುತ್ತಾನೆ, ಏಕೆಂದರೆ ತಗ್ಗಿಗೆ ಬೀಳುವವನು ಅವನು. ಹಾರ್ನು ಕೆಟ್ಟರಂತೂ ಊಟವೇ ಸೇರುವುದಿಲ್ಲ. ಆದರೆ ಬ್ರೇಕು ಒತ್ತಿದಾಗ ಹಿಂದುಗಡೆ ಹತ್ತುವ ಕೆಂಪು ದೀಪವಿದೆಯಲ್ಲ, ಅದು ಒಡೆಯನ ಕಣ್ಣಿಗೆ ಎಂದೂ ಬೀಳುವುದಿಲ್ಲ. ಪರರ ಕ್ಷೇಮಕ್ಕಾಗಿ ಉರಿದು, ಪರರ ಕ್ಷೇಮಕ್ಕಾಗಿಯೇ ಒಂದು ದಿನ ಸುಟ್ಟುಹೋಗುತ್ತದೆ. ಇಂಥ ಸಾಧುಸ್ವಭಾವದ ದೀಪವೊಂದರ ಸೇವೆಯಲ್ಲಿ ನಾನು ಪೂರಾ ಒಂದು ತಿಂಗಳು ಕಳೆದವನು.

ದೀಪ ನನ್ನದಲ್ಲ. ಮರಾಠಿ ಸೀಮೆಗೆ ಸೇರಿದ ನಮ್ಮ ಕನ್ನಡದ ಹಳ್ಳಿ ಸನಮಡಿಯಲ್ಲಿ ಪಕ್ಕದ ಮನೆಯ ಬೀರಣ್ಣನ ಲಾರಿಯದು. ಬೀರಣ್ಣ ಹುಟ್ಟಿದಾಗಿನಿಂದ ಕುರಿಗಳ ಜೊತೆ ನಡೆದವನು. ಐವತ್ತೈದರ ಸುಮಾರಿಗೆ ಅವನ ಬಲಮೊಣಕಾಲು ಇನ್ನು ಮಡಿಸುವುದಿಲ್ಲವೆಂದು ಹಟ ಹಿಡಿಯಿತು. ಅರ್ಧ ಹಿಂಡು ಮಾರಿ, ಮಿಲಿಟರಿಯವರು ಲಿಲಾವಿಗೆ ಹಾಕಿದ್ದ ಹಳೆಯ ಲಾರಿಯೊಂದನ್ನು ತಂದ. ಉಳಿದ ಕುರಿ ತಮ್ಮಂದಿರ ಪಾಲಾದವು. ಕುರಿಗೊಬ್ಬರ ಇವನ ಪಾಲಿಗೆ ಬಂತು. ಅದನ್ನು ದ್ರಾಕ್ಷಿ ತೋಟಗಳಿಗೆ ಸಾಗಿಸುತ್ತಾನೆ. ಕಾಲು ಮಡಿಸಲಾಗದವನು ಬ್ರೇಕು ಹೇಗೆ ಒತ್ತುತ್ತಾನೆಂದು ನೀವು ಕೇಳಬಹುದು. ಆ ಪೆಡಲಿಗೆ ಬೇಕಾದದ್ದು ಒನಕೆಯಂಥ ನೆಟ್ಟನೆಯ ಕಾಲೇ.

ಈ ಲಾರಿಯ ಪೂರ್ವಾಶ್ರಮದ ಬಗ್ಗೆ ಒಂದು ಮಾತು ಹೇಳಬೇಕು. ಯುದ್ಧದ ಹೊತ್ತಿನಲ್ಲಿ ಶತ್ರುವಿಗೆ ಕಾಣಬಾರದೆಂದು ಹಿಂದಿನ ದೀಪಗಳನ್ನೆಲ್ಲ ಒಟ್ಟಿಗೆ ಆರಿಸುವ ತಿರುಗಣಿಯೊಂದು ಅದರಲ್ಲಿದೆ. ಯಾರಿಗೂ ಕಾಣದಂತೆ ಹೋಗುವುದೇ ಅದಕ್ಕೆ ಕಲಿಸಿದ ವಿದ್ಯೆ. ಅಂಥದ್ದನ್ನು ತಂದು, ಎಲ್ಲರಿಗೂ ಕಾಣುವಂತೆ ನಿಲ್ಲು ಎಂದರೆ, ನಿವೃತ್ತಿಯ ನಂತರ ಸ್ವಭಾವ ಬದಲಾಯಿಸಿಕೊಳ್ಳುವುದು ಯಾರಿಗೆ ಸಾಧ್ಯ?

ಜತ್ತದ ಪಾಸಿಂಗ್ ಕ್ಯಾಂಪಿನಲ್ಲಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೆಂದು ಸರಕಾರ ಕಾಗದ ಕೊಡುವಲ್ಲಿ, ತಪಾಸಣೆಯ ಸಾಹೇಬರು ಲಾರಿಯ ಹಿಂದೆ ನಿಂತು ಮರಾಠಿಯಲ್ಲಿ “ಬ್ರೇಕ್ ದಾಬಾ” ಅಂದರು. ಬೀರಣ್ಣ ಒತ್ತಿದ. ದೀಪ ಹತ್ತಲಿಲ್ಲ. ಮುಂದಿನ ತಿಂಗಳು ಸರಿ ಮಾಡಿಕೊಂಡು ಬಾ ಎಂದು ಕಳಿಸಿದರು. ದ್ರಾಕ್ಷಿಯ ಬಳ್ಳಿ ಸವರುವ ಚಾಟಣಿ ಹತ್ತಿರ ಬಂದಿತ್ತು, ಗೊಬ್ಬರ ಬೀಳುವ ಕಾಲ. ಪಾಸಿಂಗ್ ಇಲ್ಲದ ಲಾರಿಯನ್ನು ತೋಟದವರು ಒಳಗೆ ಬಿಡುವುದಿಲ್ಲ. ಲಾರಿ ನಿಂತರೆ ಬೀರಣ್ಣನೂ ಮನೆಯಲ್ಲಿ ಕೂಡಬೇಕು.

“ತಮ್ಮಗೋಳ ಕುರಿ ಕಾಯಾಕ ಹೋಗ್ತಾರ, ನಾ ಮನ್ಯಾಗ ಕುಂತ ಕೋಳಿ ಕಾಯಬೇಕೇನ್ರಿ ಮಾಸ್ತರ?” ಎಂದು ಕೇಳಿದ.

ನಾನು ಮೂವತ್ತು ವರ್ಷ ಕನ್ನಡ ಸಾಲಿಯಲ್ಲಿ ವಿಜ್ಞಾನ ಕಲಿಸಿದವನು. ವಿದ್ಯುತ್ ಮಂಡಲವನ್ನು ಬೋರ್ಡಿನ ಮೇಲೆ ಬರೆದು ಎಷ್ಟೋ ಬಲ್ಬು ಹತ್ತಿಸಿದ್ದೇನೆ. ಬೋರ್ಡಿನ ಮೇಲಿನ ಬಲ್ಬು ಒಂದೂ ಕೈಕೊಟ್ಟಿಲ್ಲ. “ಚಿಂತಿ ಬಿಡು ಬೀರಣ್ಣ, ಇದು ನನ್ನ ವಿಷಯ” ಅಂದೆ.

ಮೊದಲು ಬಲ್ಬು ಬದಲಿಸಿದೆ. ಆಮೇಲೆ ವೈರು ಬದಲಿಸಿದೆ. ಬದಲಿಸಲು ಬೇರೇನೂ ಉಳಿಯದಿದ್ದಾಗ ಶಾಸ್ತ್ರೋಕ್ತವಾಗಿ ಸ್ವಿಚ್ಚಿನ ಕಡೆಗೆ ಬಂದೆ. ಅದು ಬ್ರೇಕಿನ ಎಣ್ಣೆಯ ಪೈಪಿಗೆ ತಿರುಚಿ ಕೂರಿಸಿದ ಹೆಬ್ಬೆರಳಿನಷ್ಟು ವಸ್ತು. ಎಣ್ಣೆಯ ಒತ್ತಡಕ್ಕೆ ದೀಪ ಹತ್ತಿಸಬೇಕಾದದ್ದು. ಅದು ಒಳಗೆ ಯಾವಾಗಲೋ ಶಾಂತವಾಗಿತ್ತು. ಜತ್ತದ ಮೇಸ್ತ್ರಿ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, “ಇಂಥಾದ್ದು ಈಗ ಎಲ್ಲೀ ಸಿಗಂಗಿಲ್ರಿ. ಇದನ್ನ ಮಾಡಿದಾವ್ನೂ ಸತ್ತಿರಬೇಕು” ಎಂದು ಹಿಂದಕ್ಕೆ ಕೊಟ್ಟ. ಹಳೆಯದನ್ನು, ಎಣ್ಣೆ ಸೋರದಿರಲೆಂದು, ಅದರ ಜಾಗದಲ್ಲೇ ಮತ್ತೆ ತಿರುಚಿ, ಗೋರಿ ಮಾಡಿ ಬಂದೆವು.

ಆಗ ನನಗೆ ನಮ್ಮ ಮನೆಯ ಫ್ರಿಜ್ಜು ನೆನಪಾಯಿತು. ಅದು ಕೆಟ್ಟು, ಹಪ್ಪಳದ ಕಪಾಟಾಗಿ ಬಡ್ತಿ ಪಡೆದು ನಾಲ್ಕು ವರ್ಷವಾಗಿತ್ತು. ಬಾಗಿಲ ಬಳಿ ಗುಂಡಿಯಂಥ ಒಂದು ಸ್ವಿಚ್ಚು ಇರುತ್ತದಲ್ಲ, ಅದನ್ನು ಕಿತ್ತು ಪೆಡಲಿನ ಕೆಳಗೆ ಕೂರಿಸಿದೆ. ಕಾಲು ಒತ್ತಿದರೆ ಪೆಡಲು ಗುಂಡಿಯನ್ನು ಒತ್ತುತ್ತದೆ. ಇದಕ್ಕಿಂತ ಸರಳ ಏನಿದೆ? ಬೀರಣ್ಣ ಕೀಲಿ ತಿರುಗಿಸಿದ. ಬ್ರೇಕು ಮುಟ್ಟುವ ಮೊದಲೇ ದೀಪ ಝಗ್ಗನೆ ಹತ್ತಿತು. ಬ್ರೇಕು ಒತ್ತಿದ, ಆರಿತು. ಬಿಟ್ಟ, ಹತ್ತಿತು.

ನಮ್ಮವಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ, “ಫ್ರಿಜ್ಜಿನ ಬಾಗ್ಲಾ ಮುಚ್ಚಿದ್ರ ಗುಂಡಿ ಒತ್ತಿ ದೀಪ ಆರತೈತಿ, ತಗದ್ರ ಹತ್ತತೈತಿ. ಇಷ್ಟ ವರ್ಷ ತಗದ ತಗದ ತಿಂದೀರಿ, ಒಮ್ಮೀನೂ ನೋಡಿಲ್ಲೇನ್ರಿ?” ಅಂದಳು.

ಗುಂಡಿಯನ್ನು ಪೆಡಲಿನ ಮೇಲ್ಗಡೆ ಕೂರಿಸಿದ್ದರೆ ಎಲ್ಲ ನೆಟ್ಟಗಾಗುತ್ತಿತ್ತೆಂದು ಈಗ ಹೊಳೆಯುತ್ತದೆ. ಆಗ ಹೊಳೆದದ್ದು ಸಮರ್ಥನೆ ಮಾತ್ರ. “ದೀಪ ಆರೋದೂ ಒಂದು ಸೂಚನೆಯೇ” ಎಂದು ಗಂಭೀರವಾಗಿ ಸಾರಿದೆ. ಮನೆಯ ದೀಪ ಆರಿದರೆ ಎಲ್ಲರೂ ಎದ್ದು ನೋಡುವುದಿಲ್ಲವೇ? ಹಾಲಿನ ಗಾಡಿಯವನಿಗೆ, ಟಮಟಮದವನಿಗೆ, ಬೈಕಿನ ಹುಡುಗರಿಗೆ ಕರೆದು ಕರೆದು ಪಾಠ ಮಾಡಿದೆ: ಬೀರಣ್ಣನ ಲಾರಿಗೆ ಕೆಂಪು ಇದ್ದರೆ ನಡೆ, ಆರಿದರೆ ನಿಲ್ಲು. ಎಲ್ಲರೂ “ಹೂಂರಿ ಮಾಸ್ತರ” ಅಂದರು. ಊರೊಳಗೆ, ಹೊಲದ ಹಾದಿಯಲ್ಲಿ ಲಾರಿ ಹೋದಾಗಲೆಲ್ಲ ನಾನೇ ಮೊಪೆಡ್ಡಿನ ಮೇಲೆ ಹಿಂದೆ ಹೋಗಿ ನಿಯಮವನ್ನು ಪರೀಕ್ಷಿಸಿದೆ. ಒಂದು ಸಲವೂ ಯಾರೂ ಢಿಕ್ಕಿ ಹೊಡೆಯಲಿಲ್ಲ. ಒಂದು ಊರಿಗೆ ಊರನ್ನೇ ತಿದ್ದಿದ ಸಮಾಧಾನದಲ್ಲಿ ನಾನು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಕ್ಯಾಂಪಿಗೆ ಎರಡು ದಿನವಿತ್ತು. ಸಾಹೇಬರಿಗೆ ನನ್ನ ನಿಯಮ ಗೊತ್ತಿಲ್ಲವೆಂಬ ಸಣ್ಣ ಅಡಚಣೆ ಆಗ ನೆನಪಾಯಿತು. ಅದಕ್ಕೂ ಉಪಾಯ ಹೂಡಿದೆ. “ಬೀರಣ್ಣ, ಮೊದಲ ಒತ್ತಿಕೊಂಡೇ ಕೂಡು. ಅವರು ಒತ್ತು ಅಂದಾಗ ಬಿಡು, ಬಿಡು ಅಂದಾಗ ಒತ್ತು.” ಪರೀಕ್ಷೆಯಲ್ಲಿ ಹುಡುಗರ ಅಂಗಿಯ ತೋಳು ಮಡಚಿಸಿ ನಕಲು ಹಿಡಿಯುತ್ತಿದ್ದ ನಾನೇ ಹೀಗೆ ಹೇಳಿದೆ. ವಯಸ್ಸು ಮಾಗಿದಂತೆ ದೃಷ್ಟಿ ವಿಶಾಲವಾಗುತ್ತದೆ ಎನ್ನುವುದು ಇದಕ್ಕೇ ಇರಬೇಕು.

ಬೀರಣ್ಣ ರುಮಾಲು ತೆಗೆದು ತಲೆ ಕೆರೆದುಕೊಂಡ. “ಆಗಂಗಿಲ್ರಿ ಮಾಸ್ತರ. ಹಿಂಡ ನಡೀವಾಗ ಮುಂದೊಬ್ಬ, ಹಿಂದೊಬ್ಬ ಇರ್ತೀವಿ. ಮುಂದಿನಾವ ನಿಂತ್ರ ಒದರಬೇಕು, ಹಿಂದಿನಾವ ಅದನ್ನ ನಂಬಿ ಕುರಿ ತಡೀಬೇಕು. ಮುಂದಿನಾವ ಹಿಂದಿನಾವ್ಗ ಸುಳ್ಳ ಹೇಳಿದ್ರ ಹಿಂಡ ಉಳಿಯಂಗಿಲ್ರಿ.”

“ಹಂಗಾದ್ರ ಇಷ್ಟ ದಿನ ಯಾರೂ ಹಾಯಲಿಲ್ಲಲ್ಲೋ?”

“ನಾ ನಿಂದ್ರೂವಾಗ ಕೈ ಹೊರಗ ಹಾಕಿ ಒದರ್ತಿದ್ನೆಲ್ರಿ. ಮಂದಿ ನನ್ನ ಕೈ ನೋಡ್ತಿದ್ರು. ದೀಪ ನೋಡಾವ್ರು ನೀವೊಬ್ರ.”

ಹೀಗೆ ಹೇಳಿ ಕಿಸೆಯಿಂದ ಒಂದು ಪೊಟ್ಟಣ ತೆಗೆದ. ಮೋಟಾರ್ ಸೈಕಲ್ಲಿನ ಹಿಂದಿನ ಬ್ರೇಕಿಗೆ ಇರುವ, ಸ್ಪ್ರಿಂಗಿನಿಂದ ಎಳೆಯುವ ಸಾಧಾರಣ ಸ್ವಿಚ್ಚು. ಜತ್ತದ ಪೇಟೆಯಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುವಂಥದ್ದು.

“ಯಾವಾಗ ತಂದಿ ಇದನ್ನ?”

“ಹದಿನೈದ ದಿನಾ ಆತ್ರಿ.”

“ಮತ್ತ ಹಾಕಲಿಲ್ಲ ಯಾಕ?”

“ನೀವು ಹಾಕಿದ್ದನ್ನ ನಾ ಹ್ಯಾಂಗ ಕೀಳ್ಳಿರಿ? ನಿಮಗ ಬ್ಯಾಸರ ಆಗೂ ತನಕಾ ತಡದ್ರಾತು ಅಂತ ಬಿಟ್ಟಿದ್ದೆ. ನಿಮಗ ಲಗೂನ ಬ್ಯಾಸರ ಆಗಂಗಿಲ್ಲ ನೋಡ್ರಿ.”

ಸ್ಪ್ರಿಂಗನ್ನು ಕಂಬಳಿಯ ಹುರಿಯಿಂದ ಪೆಡಲಿಗೆ ಕಟ್ಟಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ನಾನು ಮೇಲ್ವಿಚಾರಣೆ ಮಾಡಿದೆ.

ಕ್ಯಾಂಪಿನ ದಿನ ಸಾಹೇಬರು ಹಿಂದೆ ನಿಂತು “ದಾಬಾ” ಅಂದರು, ಹತ್ತಿತು. ಬಿಡು ಎನ್ನಲು “ಸೋಡಾ” ಅಂದರು, ಆರಿತು. ನನ್ನ ಒಂದು ತಿಂಗಳ ಸಂಶೋಧನೆಯನ್ನು ಸಾಹೇಬರು ಎರಡು ಶಬ್ದಗಳಲ್ಲಿ ಮುಗಿಸಿ, ಸಹಿ ಮಾಡಿ, ಮುಂದಿನ ಗಾಡಿಗೆ ಹೋದರು. ಬೀರಣ್ಣ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎದೆಯ ಕಿಸೆಯಲ್ಲಿ ಇಟ್ಟುಕೊಂಡು, ಮೇಲಿನಿಂದ ಎರಡು ಸಲ ಮುಟ್ಟಿ ನೋಡಿದ.

ವಾಪಸು ಬರುವಾಗ ಅವನು ಮುಂದೆ, ನಾನು ಮೊಪೆಡ್ಡಿನ ಮೇಲೆ ಹಿಂದೆ. ಸನಮಡಿ ಇನ್ನೊಂದು ಹರದಾರಿ ಇರುವಾಗ ಯಾರದೋ ಕುರಿ ಹಿಂಡು ರಸ್ತೆಗೆ ಅಡ್ಡ ಬಂತು. ಲಾರಿಗೆ ಈಗ ಸರಕಾರವೇ ಒಪ್ಪಿದ ದೀಪವಿರುವಾಗ ಬೀರಣ್ಣ ಏಕೆ ಕೈ ಹೊರಗೆ ಹಾಕುತ್ತಾನೆ? ಸುಮ್ಮನೆ ಬ್ರೇಕು ಒತ್ತಿದ. ನನ್ನ ಕಣ್ಣೆದುರಿಗೆ ಕೆಂಪು ದೀಪ ಸ್ಪಷ್ಟವಾಗಿ, ನಿಗಿನಿಗಿಯಾಗಿ ಹತ್ತಿತು. ಹತ್ತಿದರೆ ನಡೆ. ನಾನು ವೇಗ ಹೆಚ್ಚಿಸಿದೆ.

ಕಣ್ಣು ಬಿಟ್ಟಾಗ ಮೊಪೆಡ್ಡಿನ ಮುಂದಿನ ಗಾಲಿ ಲಾರಿಯ ಕೆಳಗೆ ಸೇರಿತ್ತು. ನಾನು ರಸ್ತೆಯ ಬದಿಗೆ ಕೂತಿದ್ದೆ, ಹೇಗೆ ಕೂತೆನೆಂದು ತಿಳಿಯದು. ಬೀರಣ್ಣ ಕುಂಟುತ್ತ ಓಡಿ ಬಂದ. ಒಂದು ಕೈ ಎದೆಯ ಕಿಸೆಯ ಮೇಲಿತ್ತು.

“ಮಾಸ್ತರ, ದೀಪ ಹತ್ತಲಿಲ್ಲೇನ್ರಿ?”

ಹತ್ತಲಿಲ್ಲ ಎಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಆ ಕೈ ಕಿಸೆಯಿಂದ ಕದಲಲಿಲ್ಲ. ಮರುದಿನ ಬೆಳಿಗ್ಗೆ ಅವನು ತೋಟಕ್ಕೆ ಮೊದಲ ಖೇಪು ಒಯ್ಯುವವನಿದ್ದ.

“ಹತ್ತಿತ್ತು ಬೀರಣ್ಣ,” ಎಂದೆ, “ಭಾಳ ಚಲೋ ಹತ್ತಿತ್ತು.”

“ಹಂಗಾರ ಗಾಡಿದೇನ ತಪ್ಪಿಲ್ಲ ಬಿಡ್ರಿ” ಎಂದು ಉಸಿರುಬಿಟ್ಟ. ದೀಪದ ಗಾಜಿನ ಮೇಲೆ ಮೆತ್ತಗೆ ಕೈಯಾಡಿಸಿ ಬಿರುಕು ಇಲ್ಲವೆಂದು ಖಾತ್ರಿ ಮಾಡಿಕೊಂಡು, ರುಮಾಲಿನಿಂದ ಒರೆಸಿದ. ಆಮೇಲೆ ನನ್ನನ್ನು ಎಬ್ಬಿಸಿದ.