ಅತ್ತೆಯ ಮಾತು ಕೇಳುವ ಕಿಟಕಿ

ನಮ್ಮ ಮನೆಗೆ ಬುದ್ಧಿ ಬರಬೇಕು ಎಂದು ನನ್ನ ಗಂಡ ತಿಹೋಮಿರ್ ತೀರ್ಮಾನಿಸಿದಾಗಲೇ, ಅದರೊಳಗೆ ಸದ್ಯ ವಾಸವಾಗಿರುವವರ ಬುದ್ಧಿ ಸಾಲದು ಎಂಬ ಅರ್ಥವೂ ಆ ಮಾತಿನಲ್ಲಿ ಸೇರಿದೆಯೆಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಆಗ ಬಟಾಣಿ ಸುಲಿಯುತ್ತಿದ್ದೆ. (ಬಟಾಣಿ ಸುಲಿಯುವಾಗ ಯಾರು ಏನು ಕೇಳಿದರೂ ನಾನು "ಹೂಂ" ಎನ್ನುತ್ತೇನೆ. ನಮ್ಮ ಮದುವೆ ನಿಶ್ಚಯವಾದದ್ದೂ ಹೆಚ್ಚುಕಡಿಮೆ ಹಾಗೆಯೇ.)

ತಿಹೋಮಿರ್‌ಗೆ ನಮ್ಮೂರು ವಾಲ್ಯೆವೊದ ಪೇಟೆಯಲ್ಲಿ ಕಿಟಕಿ ಬಾಗಿಲುಗಳ ಅಂಗಡಿ. ಊರಿನವರೆಲ್ಲ ಹಳೆಯ ಮರದ ಕಿಟಕಿ ಕಿತ್ತೆಸೆದು ಪ್ಲಾಸ್ಟಿಕ್ಕಿನವನ್ನು ಹಾಕಿಸಿಕೊಂಡು ಮುಗಿದಿತ್ತು. ಕೆಡದ ಮಾಲು ಮಾರಿದ ಪಾಪಕ್ಕೆ ಅವನು ದಿನವಿಡೀ ಅಂಗಡಿಯಲ್ಲಿ ಕಾಫಿ ಕುಡಿಯುತ್ತ ನೊಣ ಹೊಡೆಯುತ್ತಿದ್ದ. ಆಗ ಅವತರಿಸಿದವು ಯೋಚಿಸುವ ಕಿಟಕಿಗಳು. ಮನೆಯೊಳಗಿನ ಗಾಳಿಯನ್ನು ಇವು ಮೂಸಿ ನೋಡುತ್ತವೆ. ಗಾಳಿ ಹಳಸಿತೆಂದು ಕಂಡರೆ ತಾವೇ ತೆರೆದುಕೊಳ್ಳುತ್ತವೆ. ಮಳೆ ಬಂದರೆ ತಾವೇ ಮುಚ್ಚಿಕೊಳ್ಳುತ್ತವೆ. ಹಿಡಿಕೆಯೇ ಇಲ್ಲ. ಹಿಡಿಕೆ ಇರುವುದು ಯೋಚಿಸಲಾರದ ಕಿಟಕಿಗಳಿಗೆ ಮಾತ್ರವಂತೆ.

"ಜನ ಕಣ್ಣಾರೆ ನೋಡದೆ ಕೊಳ್ಳಲ್ಲ ದೆಸಾ," ಎಂದ. "ನಮ್ಮ ಮನೇನೇ ಮಾದರಿ ಮನೆ ಮಾಡ್ತೀನಿ."

"ಮೊದಲು ಮಾದರಿ ಗಂಡ ಆಗು."

"ಅದಕ್ಕೆ ಗಿರಾಕಿ ಇಲ್ಲ."

ಹೀಗೆ ಕಿಟಕಿಗಳು ಬಂದವು. ಅವುಗಳ ಬೆನ್ನಿಗೇ ಕರೆಗಂಟೆ, ಬೀಗ, ಒಲೆ, ಫ್ರಿಜ್ಜು, ನೀರು ಕಾಯಿಸುವ ಕೆಟಲ್ಲು ಎಲ್ಲವೂ ಬಂದವು. ಎಲ್ಲಕ್ಕೂ ಒಂದಕ್ಕೊಂದು ಸಂಬಂಧ, ಎಲ್ಲವೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತವೆ. (ಮನುಷ್ಯರು ಊಟದ ಹೊತ್ತಿನಲ್ಲೂ ಮಾತಾಡಿಕೊಳ್ಳದ ಮನೆಯಲ್ಲಿ ಕೊನೆಗೆ ಕೆಟಲ್ಲೂ ಬಾಗಿಲೂ ಆದರೂ ಮಾತಾಡಿಕೊಳ್ಳಲಿ ಎಂದು ನಾನೂ ಸುಮ್ಮನಾದೆ.) ಇವೆಲ್ಲದರ ಯಜಮಾನಿ ಲೀಪಾ. ಲೀಪಾ ಎಂದರೆ ಗೋಡೆಗೆ ಅಂಟಿಸಿದ, ಬಿಸ್ಕತ್ತಿನ ಡಬ್ಬಿಯಷ್ಟು ದೊಡ್ಡ ಒಂದು ಧ್ವನಿ. ಹೆಸರು ಹಿಡಿದು ಕೂಗಿದರೆ ಸಾಕು, ಹೇಳಿದ ಕೆಲಸ ಮಾಡುತ್ತಾಳೆ. ಕೂಗದಿದ್ದರೂ ಮೂಗು ತೂರಿಸುತ್ತಾಳೆ.

ಬೆಳಿಗ್ಗೆ ಎದ್ದು ದೀಪ ಹಚ್ಚಿ "ಕರ್ತನೇ ಕರುಣಿಸು, ಕರ್ತನೇ ಕರುಣಿಸು" ಎಂದು ನಾನು ಪ್ರಾರ್ಥಿಸುತ್ತಿದ್ದರೆ, ಗೋಡೆಯಿಂದ ಉತ್ತರ ಬರುತ್ತಿತ್ತು: "ಕ್ಷಮಿಸಿ, ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ." ನಾನು ಇನ್ನೊಮ್ಮೆ ಹೇಳುತ್ತಿದ್ದೆ. ಪ್ರಾರ್ಥನೆಯನ್ನು ಎಷ್ಟು ಸಲ ಹೇಳಿದರೂ ಕೆಡುಕಿಲ್ಲವಲ್ಲ. ಆದರೆ ಕ್ರಿಸ್‌ಮಸ್ಸಿಗೆ ಮುಂಚಿನ, ಮಾಂಸ ಹಾಲು ಬೆಣ್ಣೆ ಮುಟ್ಟದ, ಮೀನಿಗೆ ಮಾತ್ರ ಅಡ್ಡಿಯಿಲ್ಲದ ಉಪವಾಸ ಶುರುವಾದ ದಿನವೇ "ಬೆಣ್ಣೆ ಮುಗಿದಿದೆ, ತರಿಸಲೇ?" ಎಂದು ಫ್ರಿಜ್ಜು ಕೇಳಿದಾಗ, ಈ ಲೀಪಾ ನಮ್ಮ ಧರ್ಮದವಳಲ್ಲ ಎಂದು ಖಾತ್ರಿಯಾಯಿತು.

ಇಷ್ಟನ್ನೂ ನಾನು ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಸ್ಲಾವ ಬಂತು.

ಸ್ಲಾವ ಎಂದರೆ ಮನೆತನದ ಸಂತನ ಹಬ್ಬ. ನಮ್ಮ ಮನೆತನಕ್ಕೆ ಸಂತ ನಿಕೋಲರು. ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಅವರ ಹಬ್ಬ. ಯಾರನ್ನೂ ಕರೆಯುವಂತಿಲ್ಲ, ಬಂದ ಯಾರನ್ನೂ ಕಳಿಸುವಂತಿಲ್ಲ. ಈವರೆಗೆ ಎಲ್ಲವನ್ನೂ ಅತ್ತೆ ಸ್ತಾಮೆನ ಅವರೇ ನಡೆಸಿಕೊಂಡು ಬಂದಿದ್ದರು. ಶಾಲೆಯ ಅಡುಗೆಮನೆಯನ್ನು ಆಳಿ ನಿವೃತ್ತರಾದ ಹೆಂಗಸು. ಈಗ ಇವಾನ್ಯಿತ್ಸದಲ್ಲಿ ತಂಗಿಯ ಜೊತೆ ಇದ್ದಾರೆ. ಆ ವರ್ಷ ಫೋನು ಮಾಡಿ ಅಪ್ಪಣೆ ಕೊಡಿಸಿದರು.

"ನನ್ನ ಕೈಲಿ ಇನ್ನು ಆಗಲ್ಲ. ಈ ಸಲ ಹಬ್ಬ ನಿನ್ನ ಮನೇಲಿ. ಸಂತರ ಪಟ ತರ್ತೀನಿ. ನೆಟ್ಟಗೆ ನಡೆದ್ರೆ ಪಟ ಅಲ್ಲೇ ಇರತ್ತೆ, ಹಬ್ಬಾನೂ ಇನ್ನು ನಿಂದೇ. ಇಲ್ಲಾಂದ್ರೆ ಚಾಚಾಕ್‌ಗೆ, ಗೊರ್ದಾನ ಮನೆಗೆ."

ಗೊರ್ದಾನ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಅವಳ ಬಗ್ಗೆ ನಾನು ಕೆಟ್ಟ ಮಾತು ಆಡುವುದಿಲ್ಲ, ಉಪವಾಸದ ಕಾಲ. ಆದರೆ ಆ ಪಟ ನನಗೆ ಬೇಕಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಯಾರ ಮುಖ ನೋಡಿದರೂ ಹೆದರಿಕೆಯಾಗುತ್ತಿದ್ದ ಮನೆಯಲ್ಲಿ, ಹೊಗೆ ಹಿಡಿದು ಕಪ್ಪಾದ ಆ ಒಂದು ಮುಖ ಮಾತ್ರ ನನ್ನನ್ನು ಗದರಿಸಿರಲಿಲ್ಲ. ಅಂದಿನಿಂದ ನನ್ನ ಗುಟ್ಟುಗಳೆಲ್ಲ ಅವರ ಹತ್ತಿರ ಇವೆ. ಅಂಥವರನ್ನು ಚಾಚಾಕ್‌ಗೆ ಕಳಿಸುವುದು ಹೇಗೆ?

"ತಿಹೋ," ಎಂದೆ ಹಿಂದಿನ ದಿನ, ಬೀನ್ಸ್ ಬೇಯಿಸುತ್ತ. "ನಾಳೆ ಒಂದು ದಿನ ನಿನ್ನ ಯಂತ್ರ ಎಲ್ಲಾ ಬಂದ್ ಮಾಡು. ಕಾಲಿಗೆ ಬೀಳ್ತೀನಿ."

"ಆಯ್ತು ಮಾರಾಯ್ತಿ, ಲೀಪಾ ಬಾಯಿ ಮುಚ್ಚಿಸ್ತೀನಿ."

ಅವನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ. ಬಾಯಿಯನ್ನಷ್ಟೇ ಮುಚ್ಚಿಸಿದ. ಕಿವಿ, ಮೂಗು, ಕಿಟಕಿ ಎಲ್ಲ ಎಂದಿನಂತೆ ಎಚ್ಚರವಾಗಿದ್ದವು. ಹಬ್ಬಕ್ಕೆ ಬರುವ ಜನ ಹೇಗೂ ಬರುತ್ತಾರೆ, ಮಾಲನ್ನೂ ನೋಡಿಕೊಂಡು ಹೋಗಲಿ ಎಂಬ ವ್ಯಾಪಾರಿ ಬುದ್ಧಿ.

ಅತ್ತೆ ಬಂದರು. ಪಟವನ್ನು ಶಾಲಿನಲ್ಲಿ ಕೂಸಿನಂತೆ ಸುತ್ತಿಕೊಂಡು ಬಂದಿದ್ದರು. ಪೂರ್ವದ ಮೂಲೆಯಲ್ಲಿ ಅದನ್ನಿಟ್ಟು, ಶಿಲುಬೆಯ ಗುರುತು ಮಾಡಿಕೊಂಡು, ಮರುಕ್ಷಣವೇ ಅಂಗೈ ಚಾಚಿ ಕೋಣೆಯನ್ನು ಒಂದು ಸುತ್ತು ಹಾಕಿದರು. ಪ್ರೋಮಾಯ ಹುಡುಕುವುದು ಹಾಗೆಯೇ. ಎದುರುಬದುರು ಎರಡು ಕಿಟಕಿ ತೆರೆದಾಗ ನಡುವೆ ನುಗ್ಗುವ ಗಾಳಿಗೆ ನಮ್ಮಲ್ಲಿ ಹಾಗೆ ಹೆಸರು. ಬೇರೆ ದೇಶಗಳಲ್ಲಿ ಜನ ಹೃದಯಾಘಾತದಿಂದ, ಮುಪ್ಪಿನಿಂದ ಸಾಯುತ್ತಾರಂತೆ. ನಮ್ಮಲ್ಲಿ ಎಲ್ಲಕ್ಕೂ ಮೂಲ ಪ್ರೋಮಾಯ. ಕತ್ತು ಹಿಡಿಯುವುದು, ಕಿವಿ ಸೋರುವುದು, ಮೂತ್ರಪಿಂಡ ಕೈಕೊಡುವುದು, ಮಕ್ಕಳಾಗದಿರುವುದು ಎಲ್ಲವೂ ಅದರದೇ ಕೆಲಸ. ಚಿಕ್ಕಜ್ಜ ಸ್ವೆತೊಲಿಕ್ ಅವರ ಬಾಯಿ ಇವತ್ತಿಗೂ ಒಂದು ಕಡೆಗೆ ಸೊಟ್ಟ. ಬಸ್ಸಿನ ಕಿಟಕಿಯಿಂದ ಆದದ್ದು. ಅವರ ಬಾಯಿ ತೋರಿಸಿಯೇ ನಮ್ಮ ಮಕ್ಕಳಿಗೆಲ್ಲ ಉಣ್ಣೆಯ ಟೋಪಿ ತೊಡಿಸಿದ್ದೇವೆ.

"ಏನೇ ದೆಸಾ, ಈ ಕಿಟಕಿಗೆ ಹಿಡೀನೇ ಇಲ್ವಲ್ಲ?"

"ಅದು ಹೊಸ ಥರದ್ದು ಅತ್ತೆ, ತಾನೇ ತೆಗೆದುಕೊಳ್ಳತ್ತೆ."

"ಯಾರನ್ನ ಕೇಳಿ?"

ಅಷ್ಟರಲ್ಲಿ ಗೊರ್ದಾನ ದೊಡ್ಡ ಪಾತ್ರೆ ಹಿಡಿದು ಒಳಗೆ ಬಂದಳು. "ಅಕ್ಕಾ, ನಿಮಗೆ ಇಷ್ಟು ಜನಕ್ಕೆ ಅಡುಗೆ ಮಾಡಿ ಅಭ್ಯಾಸ ಇಲ್ವಲ್ಲ, ಸುಮ್ನೆ ಇರ್ಲಿ ಅಂತ ಒಂದಿಷ್ಟು ಮೀನು ಹುರಿದುಕೊಂಡು ಬಂದೆ."

"ಬಾಮ್ಮ, ಒಳ್ಳೇದೇ ಮಾಡ್ದೆ," ಎಂದೆ. "ಬೆಕ್ಕಿಗೂ ಹಬ್ಬ ಆಗಬೇಕಲ್ಲ." (ಉಪವಾಸ ಎಂದು ಆಗಲೇ ಹೇಳಿದೆ. ಇದು ಕೆಟ್ಟ ಮಾತಲ್ಲ, ಬೆಕ್ಕಿನ ಮೇಲಿನ ಕರುಣೆ.)

ಪಾದ್ರಿ ವಿಲೋತಿಯೆ ಬಂದು ಹಬ್ಬದ ರೊಟ್ಟಿಯನ್ನು ಶಿಲುಬೆಯಾಕಾರದಲ್ಲಿ ಕೊಯ್ದು ದ್ರಾಕ್ಷಾರಸ ಸುರಿದರು. ತಿಹೋಮಿರ್ ಹಬ್ಬದ ಮೇಣದ ಬತ್ತಿ ಹಚ್ಚಿದ. ನನ್ನ ಜೀವವೆಲ್ಲ ಇದ್ದದ್ದು ಆ ಬತ್ತಿಯ ಮೇಲೆ. ಅದು ಸಂಜೆಯವರೆಗೆ ಉರಿಯಬೇಕು. ಸಂಜೆ ಮನೆಯ ಯಜಮಾನ ದ್ರಾಕ್ಷಾರಸದ ಹನಿಯಿಂದಲೇ ಅದನ್ನು ಆರಿಸಬೇಕು. ನಡುವೆ ತಾನಾಗಿ ಆರಿದರೆ ಆ ಮನೆಯಿಂದ ಸಂತ ಎದ್ದು ಹೋದರೆಂದೇ ಲೆಕ್ಕ. ಎದ್ದು ಚಾಚಾಕ್‌ಗೇ ಹೋಗುತ್ತಾರೆ ಎಂಬುದು ಗೊರ್ದಾನಳ ಕಣ್ಣಲ್ಲೇ ಕಾಣುತ್ತಿತ್ತು.

ಜನ ಬಂದರು. ಬಂದವರೆಲ್ಲ ಒಂದು ಚಮಚ ಸಿಹಿ ಗೋಧಿ ತಿಂದು, ರಾಕಿಯ ಎಂಬ ಪ್ಲಮ್ ಹಣ್ಣಿನ ಸಾರಾಯಿ ಕುಡಿದು, ಮೇಜಿನ ಸುತ್ತ ಇಕ್ಕಟ್ಟಾಗಿ ಕೂತರು. ಹುರಿದ ಮೀನಿನ ಹಬೆ, ಧೂಪದ ಹೊಗೆ, ಕಾಫಿ, ಒದ್ದೆ ಉಣ್ಣೆಯ ಕೋಟುಗಳು, ರಾಜಕೀಯ ಎಲ್ಲ ಸೇರಿ ಕೋಣೆ ಬಿಸಿಯಾಗಿ ಕನ್ನಡಿಯಲ್ಲಿ ನೀರಿಳಿಯತೊಡಗಿತು. ಅತ್ತೆಯ ಕೆನ್ನೆ ಕೆಂಪಾಗಿತ್ತು. ಅದು ಮೆಚ್ಚುಗೆಯ ಬಣ್ಣ. ನನ್ನ ಬೀನ್ಸನ್ನು ಎರಡನೆಯ ಸಲ ಬಡಿಸಿಕೊಂಡರು. ಗೊರ್ದಾನ ತನ್ನ ಮೀನನ್ನು ತಾನೇ ತಿನ್ನುತ್ತಿದ್ದಳು. ಸ್ವರ್ಗಕ್ಕೆ ಇನ್ನು ಒಂದೇ ಮೆಟ್ಟಿಲು ಎನ್ನುವಾಗ ಲೀಪಾ ಗಾಳಿಯನ್ನು ಮೂಸಿದಳು.

ಝುಯ್ ಎಂದು ಸಭ್ಯವಾದ ಒಂದು ಸದ್ದು. ಬೀದಿಯ ಕಡೆಯ ಕಿಟಕಿಗಳೂ ಅಂಗಳದ ಕಡೆಯ ಕಿಟಕಿಗಳೂ ಒಟ್ಟಿಗೇ, ಪೂರ್ತಿ ತೆರೆದುಕೊಂಡವು. ಎದುರುಬದುರು. ಮಾಡಿದವರು ಯಾವ ದೇಶದವರೋ, ಅದನ್ನೇ ಕಿಟಕಿಯ ದೊಡ್ಡ ಗುಣವೆಂದು ಪುಸ್ತಕದಲ್ಲಿ ಬರೆದಿದ್ದರು. ಅವರಲ್ಲಿ ಯಾರಿಗೂ ಅತ್ತೆ ಇದ್ದಿರಲಾರರು.

ಬೆಟ್ಟದ ಹಿಮದ ಗಾಳಿ ಮೇಜಿನ ಮೇಲೆ ಹಾದುಹೋಯಿತು. ಕಾಗದದ ಕರವಸ್ತ್ರಗಳು ಪಾರಿವಾಳಗಳಂತೆ ಎದ್ದವು.

"ಪ್ರೋಮಾಯ!" ಎಂದು ಯಾರೋ ಚೀರಿದರು.

ಬಾಂಬು ಬಿದ್ದಿದ್ದರೆ ಜನ ಇನ್ನಷ್ಟು ನಿಧಾನವಾಗಿ ಏಳುತ್ತಿದ್ದರು. ಗಂಡಸರು ಕತ್ತು ಹಿಡಿದುಕೊಂಡರು, ಹೆಂಗಸರು ಸೊಂಟ ಮುಚ್ಚಿಕೊಂಡರು. ಚಿಕ್ಕಜ್ಜ ಸ್ವೆತೊಲಿಕ್ ಬಾಯಿಯ ಉಳಿದ ಅರ್ಧವನ್ನು ಎರಡೂ ಕೈಯಿಂದ ಹಿಡಿದು ಮೇಜಿನ ಕೆಳಗೆ ಇಳಿದರು. ಪಾದ್ರಿಗಳು ಟೋಪಿಯನ್ನೂ ಗಡ್ಡವನ್ನೂ ಒಟ್ಟಿಗೆ ಹಿಡಿಯಲು ನೋಡಿ ಎರಡನ್ನೂ ಬಿಟ್ಟರು. ನಾನು ಓಡಿದ್ದು ಬತ್ತಿಯ ಕಡೆಗೆ. ಜ್ವಾಲೆ ಅಡ್ಡಡ್ಡ ಮಲಗಿ ನೀಲಿಯಾಗಿತ್ತು. ಏಪ್ರನ್ ಹರಡಿ ಅದರ ಸುತ್ತ ಕೋಳಿಯಂತೆ ಕೂತೆ. ನಾವಿಕರಿಗಾಗಿ ಸಮುದ್ರದ ಬಿರುಗಾಳಿಯನ್ನೇ ನಿಲ್ಲಿಸಿದವರು ಸಂತ ನಿಕೋಲರು. "ಇಷ್ಟು ಮಾಡಿಕೊಡಪ್ಪಾ, ಈ ಗಾಳಿ ನಿಲ್ಲಿಸು, ಇನ್ನೇನೂ ಕೇಳಲ್ಲ," ಎಂದು ಬೇಡಿಕೊಂಡೆ.

ತಿಹೋಮಿರ್ ಫೋನನ್ನು ಉಜ್ಜುತ್ತಿದ್ದ. ಮೀನಿನ ಎಣ್ಣೆ ಮೆತ್ತಿದ ಬೆರಳನ್ನು ಫೋನು ಗುರುತಿಸಲೊಲ್ಲದು. "ಲೀಪಾ! ಲೀಪಾ, ದಯವಿಟ್ಟು!" ಎಂದು ಅವನು ಗೋಡೆಗೆ ಅಂಗಲಾಚುತ್ತಿದ್ದರೆ, ಜನರ ಗಲಾಟೆಯಲ್ಲಿ ಲೀಪಾಗೆ ಏನೂ ಕೇಳುತ್ತಿಲ್ಲ.

ಅತ್ತೆ ಕೈಯಲ್ಲಿದ್ದ ಫೋರ್ಕ್ ಕೆಳಗಿಟ್ಟರು. "ಯಾರೋ ಅದು ಲೀಪಾ? ಈ ವಯಸ್ಸಲ್ಲಿ?"

"ಅಯ್ಯೋ ಅಮ್ಮಾ, ಕಿಟಕಿ ನೋಡಿಕೊಳ್ಳೋಳು! ಗೋಡೇಲಿದಾಳೆ!"

ಅತ್ತೆ ಎದ್ದು ನಿಂತರು. ಊಟದ ಗಂಟೆಗೆ ನುಗ್ಗಿ ಬರುವ ಶಾಲೆಯ ಮಕ್ಕಳನ್ನೆಲ್ಲ ಒಂದು ಕೂಗಿಗೆ ಸಾಲಾಗಿ ನಿಲ್ಲಿಸುತ್ತಿದ್ದ ಗಂಟಲು ಅದು. ಗಲಾಟೆ ತಟ್ಟನೆ ಅಡಗಿತು.

"ಲೀಪಾ! ಮುಚ್ಚು!"

ಝುಯ್. ಅಷ್ಟೂ ಕಿಟಕಿಗಳು ಒಟ್ಟಿಗೇ ಮುಚ್ಚಿಕೊಂಡವು.

ನನ್ನ ಏಪ್ರನ್ನಿನ ಮರೆಯಲ್ಲಿ ಜ್ವಾಲೆ ಒಮ್ಮೆ ನಡುಗಿ, ನೆಟ್ಟಗೆ ಎದ್ದು ನಿಂತಿತು. ಎಲ್ಲರೂ ಬತ್ತಿಯನ್ನು ನೋಡುತ್ತಿದ್ದರೆ ಅತ್ತೆ ಮಾತ್ರ ಕಿಟಕಿಯನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ಮೃದುತನ. ಮಾವನವರಾಗಲಿ, ಇಬ್ಬರು ಗಂಡುಮಕ್ಕಳಾಗಲಿ, ಇಬ್ಬರು ಸೊಸೆಯರಾಗಲಿ, ಅವರ ಜನ್ಮದಲ್ಲಿ ಯಾರೂ ಮೊದಲ ಸಲ ಹೇಳಿದಾಗಲೇ ಕಿಟಕಿ ಮುಚ್ಚಿದ್ದಿಲ್ಲ.

"ಒಳ್ಳೇ ಹುಡುಗಿ," ಎಂದರು ಅತ್ತೆ ಮೆಲ್ಲಗೆ. ಆಮೇಲೆ ಮಗನ ಕಡೆ ತಿರುಗಿ ಕೇಳಿದರು, "ಅಲ್ವೋ, ಇವಳಿಗೆ ಇವಾನ್ಯಿತ್ಸದಿಂದ ಹೇಳಿದ್ರೂ ಕೇಳತ್ತಾ?"

"ಫೋನಿದ್ರೆ ಆಯ್ತಮ್ಮಾ, ಎಲ್ಲಿಂದ ಹೇಳಿದ್ರೂ ಕೇಳತ್ತೆ."

ಸಂಜೆ ತಿಹೋಮಿರ್ ದ್ರಾಕ್ಷಾರಸದ ಹನಿಯಿಂದ ಬತ್ತಿ ಆರಿಸಿದ. ಅತ್ತೆ ಪಟಕ್ಕೆ ಮುತ್ತಿಟ್ಟು, ಖಾಲಿ ಶಾಲನ್ನು ಮಡಚಿಕೊಂಡರು. "ಪಟ ಇಲ್ಲೇ ಇರ್ಲಿ. ಹಬ್ಬ ನಿಂದೇ ದೆಸಾ. ಆದ್ರೆ ಕಿಟಕಿ ನನಗೆ ಕೊಡು."

ನಾನು ಅಳುತ್ತಿದ್ದೆ, ಸಂತೋಷದಲ್ಲಿ. "ಅದಕ್ಕೇನಂತೆ ಅತ್ತೆ, ತಗೊಳ್ಳಿ," ಎಂದೆ. (ಬಟಾಣಿಯೂ ಇರಲಿಲ್ಲ ಆಗ ಕೈಯಲ್ಲಿ.) ಗೊರ್ದಾನ ನನ್ನನ್ನು ತಬ್ಬಿಕೊಂಡು ಅಭಿನಂದಿಸಿದಳು. ಆ ಅಪ್ಪುಗೆಯಲ್ಲಿ ಅಷ್ಟು ಉತ್ಸಾಹ ಯಾಕಿತ್ತು ಎಂದು ಈಗ ಗೊತ್ತಾಗುತ್ತಿದೆ.

ಅಂದಿನಿಂದ ನಮ್ಮ ಮನೆಯ ಕಿಟಕಿಗಳನ್ನು ಇವಾನ್ಯಿತ್ಸದಿಂದ ಆಳಲಾಗುತ್ತಿದೆ. ಮೆಣಸಿನಕಾಯಿ ಸುಟ್ಟು ಹೊಗೆ ತುಂಬಿದಾಗ ನಾನು "ಲೀಪಾ, ಒಂದೇ ಒಂದು ಕಿಟಕಿ, ಒಂದು ಬೆರಳಿನಷ್ಟು," ಎಂದು ಕೇಳಿದೆ. "ಸ್ತಾಮೆನ ಅವರ ಒಪ್ಪಿಗೆಗೆ ಕಾಯುತ್ತಿದ್ದೇನೆ," ಎಂದಳು. ಒಪ್ಪಿಗೆಯ ಬದಲು ಅತ್ತೆಯೇ ಗೋಡೆಯೊಳಗಿಂದ ಬಂದರು. "ದೆಸಾ, ತಲೆಗೆ ಸ್ನಾನ ಮಾಡಿದೀಯಂತೆ, ಕೂದಲು ಒಣಗಿದೆಯಾ? ಕಾಲಿಗೆ ಚಪ್ಪಲಿ ಹಾಕ್ಕೊಂಡಿದೀಯಾ?" ಸ್ನಾನದ ಸುದ್ದಿ ಹೇಳಿದ್ದು ಯಾರು ಎಂದು ತಿಹೋಮಿರ್‌ನನ್ನು ಕೇಳಿದೆ. ಬಚ್ಚಲಮನೆಯ ನೀರು ಕಾಯಿಸುವ ಯಂತ್ರವಂತೆ.

ತಿಹೋಮಿರ್ ಮಾತ್ರ ಬಾಡಿ ಹೋಗಿದ್ದವನು ಚಿಗುರಿಕೊಂಡಿದ್ದಾನೆ. ಹಬ್ಬಕ್ಕೆ ಬಂದವರ ಬಾಯಿಂದ ಬಾಯಿಗೆ ಸುದ್ದಿ ಹರಡಿ, ಜಿಲ್ಲೆಯ ಅತ್ತೆಯರೆಲ್ಲ ಅಂಗಡಿಗೆ ಮುಗಿಬಿದ್ದಿದ್ದಾರೆ. ತಮ್ಮ ಮನೆಗಲ್ಲ, ಸೊಸೆಯರ ಮನೆಗೆ. ಅಂಗಡಿಯ ಮೇಲೆ ಹೊಸ ಫಲಕ ಬಂದಿದೆ: "ಪ್ರೋಮಾಯ ಇಲ್ಲದ ಮನೆ. ಎಷ್ಟೇ ದೂರದಿಂದ ಮುಚ್ಚಿರಿ." ದಾರಿಯಲ್ಲಿ ಸಿಕ್ಕುವ ಸೊಸೆಯರು ನನ್ನ ನಮಸ್ಕಾರಕ್ಕೆ ಉತ್ತರ ಕೊಡುವುದಿಲ್ಲ. ಅವರ ಮುಖಗಳೂ ನನ್ನ ಮುಖದಂತೆ ಬೆವರಿರುತ್ತವೆ.

ಉಳಿದಿದ್ದು ಚರ್ಚ್ ಒಂದೇ. ಅಲ್ಲಿ ಹಳೆಯ ಕಿಟಕಿಗಳು, ಒಡೆದ ಗಾಜು, ಸರಿಯಾಗಿ ಮುಚ್ಚದ ಹಿಂಬಾಗಿಲು. ಎಂಥ ತಂಪು! ನಾನು ಬೆಳಗಿನ ಪ್ರಾರ್ಥನೆಗೂ ಸಂಜೆಯ ಪ್ರಾರ್ಥನೆಗೂ ತಪ್ಪದೆ ಹೋಗತೊಡಗಿದೆ. ಬಾಗಿಲ ಪಕ್ಕದ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಬಾಯಿ ತುಂಬ ಉಸಿರೆಳೆದುಕೊಳ್ಳುತ್ತಿದ್ದೆ. ನೋಡಿದವರು ಎಂಥ ಭಕ್ತಿ ಎಂದರು. ಬರಬರುತ್ತ ಇನ್ನೂ ಕೆಲವು ಸೊಸೆಯರು ಬಂದು ಅದೇ ಕಂಬದ ಹತ್ತಿರ ನಿಲ್ಲತೊಡಗಿದರು.

ಕಳೆದ ಭಾನುವಾರ ಪಾದ್ರಿ ವಿಲೋತಿಯೆ ಪ್ರವಚನದ ಕೊನೆಯಲ್ಲಿ ನನ್ನ ಕಡೆ ಕೈ ತೋರಿಸಿದರು. ನಮ್ಮ ಸಹೋದರಿ ದೆಸಾಂಕ ಅವರ ಭಕ್ತಿಯನ್ನು ಕಂಡು ಊರಿನ ಹಿರಿಯ ಹೆಂಗಸರ ಮನ ಕರಗಿದೆ, ಪಾಪ, ದಿನವೂ ಗಾಳಿಗೆ ನಿಂತು ಪ್ರಾರ್ಥಿಸುತ್ತಾಳಲ್ಲ ಎಂದು ಅವರೆಲ್ಲ ಸೇರಿ, ಇವಾನ್ಯಿತ್ಸದ ಸ್ತಾಮೆನ ಅವರ ಮುಂದಾಳುತನದಲ್ಲಿ, ದೇವಾಲಯಕ್ಕೆ ಹೊಸ ಕಿಟಕಿ ಬಾಗಿಲುಗಳನ್ನು ಅರ್ಪಿಸುತ್ತಿದ್ದಾರೆ ಎಂದರು. ತಿಹೋಮಿರ್ ಗಂಡಸರ ಸಾಲಿನಲ್ಲಿ ವಿನಯದಿಂದ ತಲೆ ತಗ್ಗಿಸಿದ.

ಎಲ್ಲರೂ "ಆಮೆನ್" ಎಂದರು. ನಾನೂ ಎಂದೆ. ನನ್ನ ಹಿಂದಿದ್ದ ಮುದುಕಿಯೊಬ್ಬಳು ಎದ್ದು, ಹೊಸದು ಬರುವ ತನಕ ಇರಲಿ ಎಂದು, ಹಿಂಬಾಗಿಲಿಗೆ ತನ್ನ ಕೋಟನ್ನು ಒತ್ತಿ ತುರುಕಿದಳು.